ಮಾಳಿಗೆ ಮೇಲಿನ ಕರೆಂಟಿಗೆ ಹೊಣೆ ಯಾರು?

ಯಲಬುರ್ಗಾದಲ್ಲಿ ಬಿಸಿಲಿಗೆ ಎಂದೂ ಬರವಿಲ್ಲ. ಮಳೆ ಕೈಕೊಟ್ಟ ವರ್ಷಗಳನ್ನು ನಮ್ಮ ಅಜ್ಜಂದಿರು ಬೆರಳು ಮಡಚಿ ಎಣಿಸುತ್ತಾರೆ. ಬಿಸಿಲು ಕೈಕೊಟ್ಟ ವರ್ಷ ಮಾತ್ರ ಯಾರಿಗೂ ನೆನಪಿಲ್ಲ. ಊರು ಬಿಟ್ಟು ಕುಕನೂರಿನ ಕಡೆ ಹೊರಟರೆ ಎರೆಹೊಲಗಳ ನಡುವೆ ಗಾಳಿಯಂತ್ರಗಳು ತಿರುಗುತ್ತಿರುವುದು ಕಾಣುತ್ತದೆ. ಕರೆಂಟ್ ಎಂದರೆ ಎಲ್ಲೋ ದೂರದ ರಾಯಚೂರಿನ ಶಾಖೋತ್ಪನ್ನ ಕೇಂದ್ರದಿಂದ ಬರುವುದು ಎಂದು ತಿಳಿದಿದ್ದ ನಮಗೆ ಅದು ನಮ್ಮ ಹೊಲದಲ್ಲೂ ಹುಟ್ಟುತ್ತದೆ ಎಂದು ಗೊತ್ತಾಯಿತು. ಈಗ ಅದು ಮನೆಯ ಮಾಳಿಗೆಯನ್ನೂ ಹತ್ತಿದೆ.

ಅದರ ಜೊತೆಗೇ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹೊಸ ಸಂದೇಶಗಳು ಶುರುವಾಗಿವೆ. ‘ಉಚಿತ ಸೋಲಾರ್’, ‘ಕರೆಂಟ್ ಬಿಲ್ ಇನ್ನು ಮರೆತುಬಿಡಿ’, ‘ಇಂದೇ ಆಧಾರ್ ಕಳಿಸಿ’. ಸಂತೆಯ ದಿನ ಬೈಕಿನಲ್ಲಿ ಬಂದು ಕರಪತ್ರ ಹಂಚಿ ಹೋಗುವವರೂ ಇದ್ದಾರೆ. ನಾನು ಎಲೆಕ್ಟ್ರಿಕಲ್ ವಿಭಾಗದಲ್ಲಿ ಬಿ.ಇ. ಓದುತ್ತಿರುವುದರಿಂದ ಓಣಿಯವರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಒಂದೇ: ‘ಹಾಕಿಸಬೇಕೇನೋ ತಮ್ಮಾ, ಬ್ಯಾಡೋ?’ ಹಾಕಿಸಬಹುದು ಎಂದೇ ನಾನು ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು. ನಾಳೆ ಏನಾದರೂ ಆದರೆ ಹೊಣೆ ಯಾರದು?

ಈ ಪ್ರಶ್ನೆ ಏಕೆಂದರೆ, ಫ್ರಿಜ್ ಅಥವಾ ಟಿ.ವಿ. ತಂದಾಗ ನಾವು ಕರೆಂಟ್ ಬಳಸುವವರಾಗಿಯೇ ಉಳಿಯುತ್ತೇವೆ. ಸೋಲಾರ್ ಹಾಕಿಸಿದ ದಿನದಿಂದ ಕರೆಂಟ್ ತಯಾರಿಸುವವರೂ ಆಗುತ್ತೇವೆ. ನಮ್ಮ ಮನೆಯ ತಂತಿಯಿಂದ ಊರಿನ ಲೈನಿಗೆ ವಿದ್ಯುತ್ ಹರಿಯಲು ಆರಂಭವಾಗುತ್ತದೆ. ಕಾನೂನು ನಮ್ಮ ಮಾಳಿಗೆಯ ಕಡೆ ಕಣ್ಣೆತ್ತಿ ನೋಡುವುದು ಆ ಕಾರಣಕ್ಕೆ.

‘ಉಚಿತ’ದ ಲೆಕ್ಕ

ಕೇಂದ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ ಪಿಎಂ ಸೂರ್ಯ ಘರ್ ಯೋಜನೆಯನ್ನು ಆರಂಭಿಸಿತು. ಒಂದು ಕೋಟಿ ಮನೆಗಳ ಚಾವಣಿಗೆ ಸೋಲಾರ್ ತರುವುದು ಗುರಿ. ಅದಕ್ಕೆ ಇಟ್ಟಿರುವ ಹಣ ₹75,021 ಕೋಟಿ. ಮೊದಲ ಎರಡು ಕಿಲೋವಾಟ್‌ಗೆ ತಲಾ ₹30,000, ಮೂರನೆಯದಕ್ಕೆ ₹18,000 ಸಹಾಯಧನ ಸಿಗುತ್ತದೆ. ಅಂದರೆ ಮೂರು ಕಿಲೋವಾಟ್ ಅಥವಾ ಅದಕ್ಕಿಂತ ದೊಡ್ಡದು ಹಾಕಿಸಿದರೂ ಒಂದು ಮನೆಗೆ ಗರಿಷ್ಠ ₹78,000. ಉಳಿದದ್ದು ನಮ್ಮ ಕಿಸೆಯಿಂದ ಅಥವಾ ಬ್ಯಾಂಕ್ ಸಾಲದಿಂದ ಬರಬೇಕು. ಸಹಾಯಧನವೂ ಮೊದಲೇ ಬರುವುದಿಲ್ಲ. ಕೆಲಸ ಮುಗಿದು, ಪರಿಶೀಲನೆ ನಡೆದು, ಮೀಟರ್ ಕೂತ ಮೇಲೆ ಅರ್ಜಿದಾರರ ಖಾತೆಗೆ ನೇರ ಜಮೆ ಆಗುತ್ತದೆ. ಆದ್ದರಿಂದ ‘ಸಬ್ಸಿಡಿ ನಾವು ತಗೋತೀವಿ, ನೀವು ಏನೂ ಕೊಡೋದು ಬ್ಯಾಡ’ ಎನ್ನುವವರ ಮಾತನ್ನು ಎರಡು ಸಲ ಯೋಚಿಸಿ ಕೇಳಬೇಕು.

ಇನ್ನು ನಮ್ಮ ರಾಜ್ಯದ ಲೆಕ್ಕ. 2023ರ ಆಗಸ್ಟ್‌ನಲ್ಲಿ ಕಲಬುರಗಿಯಲ್ಲಿ ಚಾಲನೆ ಪಡೆದ ಗೃಹಜ್ಯೋತಿಯಿಂದ ನಮ್ಮ ಭಾಗದ ಬಹಳಷ್ಟು ಮನೆಗಳಿಗೆ ಸೊನ್ನೆ ಬಿಲ್ ಬರುತ್ತಿದೆ. ನಿಗದಿತ ಸರಾಸರಿ ಬಳಕೆಗೆ ಸ್ವಲ್ಪ ಹೆಚ್ಚುವರಿ ಸೇರಿಸಿ, 200 ಯೂನಿಟ್ ಮೀರದಂತೆ ಈ ಸೌಲಭ್ಯ ಸಿಗುತ್ತದೆ. ತಿಂಗಳಿಗೆ 60 ಯೂನಿಟ್ ಬಳಸಿ ಸೊನ್ನೆ ಬಿಲ್ ಪಡೆಯುವ ಮನೆಯವರು ಸಾಲ ಮಾಡಿ ಸೋಲಾರ್ ಹಾಕಿಸಿದರೆ ಉಳಿತಾಯ ಎಲ್ಲಿಂದ ಬರಬೇಕು? ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಮಾತು ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಒಂದು ಕಿಲೋವಾಟ್‌ಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ದಿನಕ್ಕೆ ಸರಾಸರಿ 4 ಯೂನಿಟ್ ಸಿಗುತ್ತದೆ. ವರ್ಷದ ಬಿಲ್‌ಗಳನ್ನು ಎದುರಿಗಿಟ್ಟುಕೊಂಡು ಈ ಲೆಕ್ಕ ಮಾಡಲು ಎಸ್ಸೆಸ್ಸೆಲ್ಸಿ ಗಣಿತ ಸಾಕು. ಮಾರುವವನು ಈ ಲೆಕ್ಕ ಮಾಡಿ ತೋರಿಸದಿದ್ದರೆ ಮನೆಯ ಓದಿದ ಮಕ್ಕಳು ಮಾಡಿ ತೋರಿಸಬೇಕು.

ಬಿಲ್ ಇಳಿಯುವ ಬದಲು ಏರಿತು!

ನಮ್ಮ ಓಣಿಯಲ್ಲಿ ನಾವು ಕಾಕಾ ಎಂದು ಕರೆಯುವ ಹಿರಿಯರೊಬ್ಬರ ಮನೆ ಇದೆ. ದೊಡ್ಡ ಕುಟುಂಬ. ಫ್ರಿಜ್, ಕೂಲರ್, ಬೋರ್ ಮೋಟರ್ ಎಲ್ಲ ಸೇರಿ ತಿಂಗಳಿಗೆ 250 ಯೂನಿಟ್ ದಾಟುತ್ತಿತ್ತು. ಅವರಿಗೆ ಸೋಲಾರ್ ನಿಜಕ್ಕೂ ಲಾಭದ್ದೇ. ಹೊರ ಊರಿನ ಒಂದು ಕಂಪನಿಯವರು ಮುಂಗಡ ಪಡೆದು ಎರಡೇ ದಿನದಲ್ಲಿ ಮೂರು ಕಿಲೋವಾಟ್‌ನ ಪ್ಯಾನೆಲ್ ಕೂರಿಸಿದರು. ಸ್ವಿಚ್ ಒತ್ತಿ, ಫೋಟೊ ತೆಗೆದುಕೊಂಡು ಹೋದರು. ಮುಂದಿನ ತಿಂಗಳು ಬಂದ ಬಿಲ್ ಹಿಂದಿನದಕ್ಕಿಂತ ಹೆಚ್ಚಿತ್ತು!

ಕಾಕಾ ಬಿಲ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ‘ಸೂರ್ಯ ದುಡದಿದ್ದಕ್ಕ ನಾವ್ಯಾಕ ರೊಕ್ಕ ಕಟ್ಟಬೇಕೋ?’ ಎಂದು ಕೇಳಿದರು. ಹೋಗಿ ನೋಡಿದರೆ ಗೋಡೆಯ ಮೇಲೆ ಹಳೆಯ ಮೀಟರೇ ಇತ್ತು. ಎರಡೂ ದಿಕ್ಕಿನ ಲೆಕ್ಕ ಇಡುವ ನೆಟ್ ಮೀಟರ್‌ಗೆ ಅರ್ಜಿಯನ್ನೇ ಹಾಕಿರಲಿಲ್ಲ. ಮೀಟರ್ ತಿರುವಿ ಕಳ್ಳತನ ಮಾಡಬಾರದೆಂದು ಈಗಿನ ಬಹಳಷ್ಟು ಸಾಮಾನ್ಯ ಡಿಜಿಟಲ್ ಮೀಟರ್‌ಗಳು ಕರೆಂಟ್ ಯಾವ ದಿಕ್ಕಿಗೆ ಹರಿದರೂ ಅದನ್ನು ಬಳಕೆ ಎಂದೇ ಎಣಿಸುತ್ತವೆ. ಹಾಗಾಗಿ ಮಧ್ಯಾಹ್ನ ಕಾಕಾನ ಮಾಳಿಗೆಯಿಂದ ಲೈನಿಗೆ ಹೋದ ಒಂದೊಂದು ಯೂನಿಟ್ಟೂ ಅವರ ಖರ್ಚಿಗೇ ಸೇರಿತ್ತು. ಕಂಪನಿಯವರಿಗೆ ಫೋನ್ ಮಾಡಿದರೆ ‘ಅದು ಕೆಇಬಿಯವರ ಕೆಲಸ ಅಣ್ಣಾ’ ಎಂಬ ಉತ್ತರ ಬಂತು. ಕೆಇಬಿ 1999ರಲ್ಲೇ ಹೋಗಿ, 2002ರಲ್ಲಿ ಜೆಸ್ಕಾಂ ಬಂದರೂ ನಮ್ಮ ಕಡೆ ಹೆಸರು ಅದೇ ಉಳಿದಿದೆ.

ಜೆಸ್ಕಾಂ ಶಾಖೆಗೆ ಹೋದಾಗ ಅಲ್ಲಿನ ಅಧಿಕಾರಿ ಮೊದಲು ಹೇಳಿದ್ದು, ‘ಮನೆಗೆ ಹೋಗಿ ಇನ್ವರ್ಟರ್ ಆಫ್ ಮಾಡ್ರಿ’ ಎಂದು. ಪರಿಶೀಲನೆ, ಒಪ್ಪಂದ, ಮೀಟರ್ ಈ ಮೂರೂ ಆಗದೆ ಲೈನಿಗೆ ಜೋಡಿಸುವಂತಿಲ್ಲ. ಇನ್ನೊಂದು ತೊಡಕೂ ಆಗ ಹೊರಬಿತ್ತು. ಆರ್.ಆರ್. ನಂಬರ್ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿತ್ತು. ತೀರಿಹೋದವರು ಒಪ್ಪಂದಕ್ಕೆ ಸಹಿ ಹಾಕುವುದು ಹೇಗೆ? ಮೊದಲು ಹೆಸರು ಬದಲಾವಣೆ, ಆಮೇಲೆ ಪೋರ್ಟಲ್‌ನಲ್ಲಿ ಅರ್ಜಿ, ಬಳಿಕ ಪರಿಶೀಲನೆ, ಮೀಟರ್. ಎಲ್ಲ ಮುಗಿಯುವಷ್ಟರಲ್ಲಿ ಬೇಸಿಗೆಯ ಒಳ್ಳೆಯ ಬಿಸಿಲು ಪೂರ್ತಿ ವ್ಯರ್ಥವಾಗಿತ್ತು.

ನಮ್ಮ ಭಾಗದ ಅರ್ಧಕ್ಕರ್ಧ ಮನೆಗಳ ಕಥೆ ಇದೇ ಇರಬಹುದು. ಆಸ್ತಿ ಅಣ್ಣತಮ್ಮಂದಿರಲ್ಲಿ ಹಂಚಿಕೆಯಾಗಿರುತ್ತದೆ, ಉತಾರದಲ್ಲಿ ಒಬ್ಬರ ಹೆಸರು, ಕರೆಂಟ್ ಬಿಲ್‌ನಲ್ಲಿ ಇನ್ನೊಬ್ಬರದು. ಮಾಳಿಗೆ ಯಾರ ಪಾಲಿನದು ಎಂಬುದು ಬಾಯಿಮಾತಿನಲ್ಲೇ ಉಳಿದಿರುತ್ತದೆ. 25 ವರ್ಷ ಬಾಳುವ ಪ್ಯಾನೆಲ್ ಕೂರಿಸುವ ಮುನ್ನ ಆ ಮಾತು ಕಾಗದಕ್ಕೆ ಇಳಿಯಲಿ. ಇಲ್ಲದಿದ್ದರೆ ನಾಳೆ ಮೇಲೊಂದು ಅಂತಸ್ತು ಕಟ್ಟಬೇಕೆನ್ನುವ ತಮ್ಮನಿಗೂ ಪ್ಯಾನೆಲ್ ಹಾಕಿದ ಅಣ್ಣನಿಗೂ ಜಗಳ ತಪ್ಪಿದ್ದಲ್ಲ.

ಕರೆಂಟ್ ಹೋದಾಗ ಸೋಲಾರ್ ಯಾಕೆ ನಿಲ್ಲಬೇಕು?

ಮೀಟರ್ ಬಂದ ಮೇಲೆ ಕಾಕಾನ ಎರಡನೇ ತಕರಾರು: ‘ಹೊರಗ ಇಷ್ಟು ಬಿಸಿಲೈತಿ, ಕರೆಂಟ್ ಹೋದ ಕೂಡ್ಲೆ ಇದೂ ಯಾಕ ಬಂದ್ ಆಗ್ತೈತಿ?’ ಮಾರುವವರು ಇದನ್ನು ಹೇಳಿರುವುದೇ ಇಲ್ಲ. ಬ್ಯಾಟರಿ ಇಲ್ಲದ, ಲೈನಿಗೆ ಜೋಡಿಸಿದ ಸೋಲಾರ್ ಕರೆಂಟ್ ಹೋದಾಗ ತಾನೂ ನಿಲ್ಲಲೇಬೇಕು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2013ರ ನಿಯಮದಂತೆ ಲೈನ್ ಸತ್ತ ಎರಡು ಸೆಕೆಂಡಿನೊಳಗೆ ಇನ್ವರ್ಟರ್ ವಿದ್ಯುತ್ ಕಳಿಸುವುದನ್ನು ನಿಲ್ಲಿಸಬೇಕು.

ಕಾರಣ ಕಂಬದ ಮೇಲಿದೆ. ಮಳೆಗಾಳಿಗೆ ತಂತಿ ಹರಿದಾಗ ಲೈನ್ ಆಫ್ ಮಾಡಿಸಿ ಕಂಬ ಹತ್ತುವ ಪವರ್‌ಮ್ಯಾನ್ ಆ ತಂತಿಯಲ್ಲಿ ಜೀವವಿಲ್ಲ ಎಂದು ನಂಬಿರುತ್ತಾನೆ. ಅದೇ ಹೊತ್ತಿಗೆ ಯಾರದೋ ಮಾಳಿಗೆಯ ಇನ್ವರ್ಟರ್ ಕರೆಂಟ್ ನೂಕುತ್ತಿದ್ದರೆ? ಅದು ಬರೀ 230 ವೋಲ್ಟ್ ಅಲ್ಲವೇ ಎನ್ನಬೇಡಿ. ಅಷ್ಟೇ ಒಂದು ಜೀವ ತೆಗೆಯಲು ಸಾಕು. ಜೊತೆಗೆ ಟ್ರಾನ್ಸ್‌ಫಾರ್ಮರ್ ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ. ಕೆಳಗಿನಿಂದ ಹಿಂದಕ್ಕೆ ಹೋದ ಕರೆಂಟ್ ಅದರ ಮೇಲಿನ ಬದಿಯಲ್ಲಿ 11 ಸಾವಿರ ವೋಲ್ಟ್ ಆಗಿ ನಿಲ್ಲಬಲ್ಲದು. ನಾವು ಎರಡನೇ ವರ್ಷದಲ್ಲಿ ಪರೀಕ್ಷೆಗೆಂದು ಓದುವ ಈ ಪಾಠ ಕಂಬದ ಮೇಲಿರುವವನಿಗೆ ಸಾವು ಬದುಕಿನ ವಿಷಯ.

ಇಷ್ಟಾದರೂ ‘ಸ್ವಲ್ಪ ಸೆಟ್ಟಿಂಗ್ ಬದಲಿಸಿದ್ರ ಕರೆಂಟ್ ಹೋದಾಗಲೂ ನಡೀತೈತಿ’ ಎನ್ನುವ ‘ಜಾಣ’ರು ಎಲ್ಲ ಊರಲ್ಲೂ ಇರುತ್ತಾರೆ. ಕತ್ತಲಲ್ಲೂ ದೀಪ ಬೇಕಿದ್ದರೆ ಅದಕ್ಕೆ ನೇರ ದಾರಿಯಿದೆ. ಬ್ಯಾಟರಿ ಇರುವ ಹೈಬ್ರಿಡ್ ಇನ್ವರ್ಟರ್ ಹಾಕಿಸಿ, ಲೈನ್ ಹೋದಾಗ ಮನೆಯನ್ನು ಊರಿನ ತಂತಿಯಿಂದ ಪೂರ್ತಿ ಬೇರ್ಪಡಿಸುವ ವ್ಯವಸ್ಥೆ ಮಾಡಿಸಬೇಕು. ಖರ್ಚು ಹೆಚ್ಚು, ನಿಜ. ಆದರೆ ಅಡ್ಡದಾರಿಯ ಬೆಲೆಯನ್ನು ತೆರುವವನು ಬೇರೊಬ್ಬರ ಮನೆಯ ಮಗ.

ಮಾಳಿಗೆ, ಗಾಳಿ, ಸಿಡಿಲು

ಮೂರು ಕಿಲೋವಾಟ್‌ಗೆ ಈಗಿನ 540 ವಾಟ್‌ನ ಆರು ಪ್ಯಾನೆಲ್ ಸಾಕು. ಅವುಗಳನ್ನು ಸಾಲಾಗಿ ಜೋಡಿಸಿದಾಗ ತಂತಿಯಲ್ಲಿ ಸುಮಾರು 300 ವೋಲ್ಟ್‌ನ ಡಿ.ಸಿ. ಇರುತ್ತದೆ. ಮನೆಯ ಎ.ಸಿ. ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುವುದರಿಂದ ಕಿಡಿ ಹೊತ್ತಿದರೂ ಆರುವ ಅವಕಾಶವಿದೆ. ಡಿ.ಸಿ.ಗೆ ಆ ಸೊನ್ನೆಯೇ ಇಲ್ಲ. ಒಮ್ಮೆ ಹೊತ್ತಿದ ಕಿಡಿ ಉರಿಯುತ್ತಲೇ ಹೋಗಬಹುದು. ಮೇಲಾಗಿ ಬಿಸಿಲಿರುವವರೆಗೆ ಪ್ಯಾನೆಲ್ ಅನ್ನು ‘ಆಫ್’ ಮಾಡಲು ಬರುವುದಿಲ್ಲ. ಹಾಗಾಗಿ ಡಿ.ಸಿ.ಗೆಂದೇ ತಯಾರಾದ ಸ್ವಿಚ್, ಫ್ಯೂಸ್, ಕೇಬಲ್ ಬೇಕು. ಮನೆಯಲ್ಲಿ ಉಳಿದ ಸಾಮಾನ್ಯ ವೈರ್ ಎಳೆದು, ಪೇಟೆಯ ಸಾದಾ ಎಂ.ಸಿ.ಬಿ. ಹಾಕಿ ದುಡ್ಡು ಉಳಿಸುವವರು ಮನೆಯ ತಲೆಯ ಮೇಲೆ ಬೆಂಕಿ ಇಟ್ಟು ಹೋಗುತ್ತಾರೆ.

ಸಿಡಿಲಿನ ಕಥೆಯೂ ಅಷ್ಟೇ. ಮುಂಗಾರು ಪೂರ್ವದ ಮಳೆಯಲ್ಲಿ ಸಿಡಿಲಿಗೆ ಕುರಿ, ಎತ್ತು, ಮನುಷ್ಯರು ಬಲಿಯಾಗುವ ಸುದ್ದಿ ನಮ್ಮ ಜಿಲ್ಲೆಗೆ ಹೊಸದಲ್ಲ. ಎತ್ತರದಲ್ಲಿ ಕಬ್ಬಿಣದ ಚೌಕಟ್ಟು ನಿಲ್ಲಿಸುವವರು ಸಿಡಿಲು ತಡೆಯುವ ಕಂಬಿ ಹಾಕಬೇಕು. ಕಂಬಿಗೆ, ಡಿ.ಸಿ. ಕಡೆಗೆ, ಎ.ಸಿ. ಕಡೆಗೆ ಹೀಗೆ ಮೂರು ಪ್ರತ್ಯೇಕ ಅರ್ಥಿಂಗ್ ಕೊಡಬೇಕು. ಮೂರು ಗುಂಡಿ ತೋಡುವ ಬೇಸರಕ್ಕೆ ಒಂದರಲ್ಲೇ ಮುಗಿಸುವವರನ್ನು ನಿಲ್ಲಿಸಿ ಕೇಳಲು ಮನೆಯವರು ಎಂಜಿನಿಯರ್ ಆಗಬೇಕಿಲ್ಲ. ಗುಂಡಿ ಎಣಿಸಿದರೆ ಸಾಕು.

ಆಷಾಢದ ಗಾಳಿಗೆ ನಮ್ಮಲ್ಲಿ ತಗಡೇ ಹಾರಿಹೋಗುತ್ತದೆ. ಅಗಲವಾದ ಪ್ಯಾನೆಲ್ ಗಾಳಿಯ ಪಾಲಿಗೆ ಹಾಯಿ ಇದ್ದಂತೆ. ಚೌಕಟ್ಟು ಎಷ್ಟು ಗಾಳಿ ತಡೆಯಬೇಕು ಎಂಬುದಕ್ಕೆ ಐ.ಎಸ್. 875 ಎಂಬ ಭಾರತೀಯ ಮಾನಕವಿದೆ. ಆರ್‌ಸಿಸಿ ಮನೆಗೆ ಹೊಂದುವ ಚೌಕಟ್ಟು ಹಳೆಯ ಮಣ್ಣಿನ ಮಾಳಿಗೆಗೆ ಹೊಂದುವುದಿಲ್ಲ. ತೊಲೆ, ಜಂತಿಗಳು ಆ ಭಾರ ತಾಳುತ್ತವೆಯೇ ಎಂದು ತಿಳಿದವರಿಂದ ನೋಡಿಸದೆ ಮೇಲೆ ಹತ್ತಿಸುವುದು ಮನೆಯವರ ಜೀವದ ಜೊತೆ ಆಟ. ಪ್ಯಾನೆಲ್ ಹಾರಿ ಪಕ್ಕದ ಮನೆಯ ಅಂಗಳಕ್ಕೆ ಬಿದ್ದರೆ ನೆರೆಯವರು ಬಂದು ಕೇಳುವುದು ಕಂಪನಿಯನ್ನಲ್ಲ, ನಮ್ಮನ್ನೇ.

ಯಾರ ಹೊಣೆ ಎಷ್ಟು?

ಕಾನೂನು ಈ ಹೊಣೆಯನ್ನು ನಾಲ್ವರಿಗೆ ಹಂಚಿದೆ ಎಂದು ಸರಳವಾಗಿ ಹೇಳಬಹುದು.

ಮೊದಲನೆಯದು ಮನೆಯವರದು. ಸ್ವಂತ ಮಾಳಿಗೆಯಲ್ಲಿ ವಿದ್ಯುತ್ ಉತ್ಪಾದಿಸಲು 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕಿಲ್ಲ. ಆದರೆ ಪಕ್ಕದ ಮನೆಗೆ ತಂತಿ ಎಳೆದು ಹಣ ಪಡೆಯುವಂತಿಲ್ಲ. ಲೈಸೆನ್ಸ್ ಇಲ್ಲದೆ ವಿದ್ಯುತ್ ವಿತರಿಸುವುದನ್ನು ಅದೇ ಕಾಯ್ದೆಯ 12ನೇ ಸೆಕ್ಷನ್ ತಡೆಯುತ್ತದೆ. ಮೀಟರ್‌ಗೆ ಕೈ ಹಾಕಿದರೆ ಅದು 135ನೇ ಸೆಕ್ಷನ್‌ನಡಿ ಕಳ್ಳತನ, ಮೂರು ವರ್ಷದವರೆಗೆ ಜೈಲು ಆಗಬಹುದು. ಅನಧಿಕೃತ ಬಳಕೆ ಎಂದು ಕಂಡುಬಂದರೆ 126ನೇ ಸೆಕ್ಷನ್‌ನಡಿ ಎರಡು ಪಟ್ಟು ದರ ಕಟ್ಟಬೇಕು.

ಎರಡನೆಯದು ಅಳವಡಿಸುವವರದು. ಮನೆಯ ವಿದ್ಯುತ್ ಕೆಲಸವನ್ನು ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರೇ ಮಾಡಬೇಕು. ಸಹಾಯಧನ ಬೇಕಿದ್ದರೆ ಅವರು ಯೋಜನೆಯ ಪೋರ್ಟಲ್‌ನಲ್ಲಿ ನೋಂದಾಯಿತರೂ ಆಗಿರಬೇಕು. ಭಾರತದಲ್ಲೇ ತಯಾರಾದ ಸೆಲ್‌ಗಳಿಂದ ಭಾರತದಲ್ಲೇ ಜೋಡಿಸಿದ ಪ್ಯಾನೆಲ್‌ಗೆ ಮಾತ್ರ ಸಹಾಯಧನ ಸಿಗುತ್ತದೆ. ಆಮೇಲೆ ಐದು ವರ್ಷ ನಿರ್ವಹಣೆಯೂ ಅವರದೇ. ಪ್ರತಿ ಪ್ಯಾನೆಲ್‌ನ ಸೀರಿಯಲ್ ನಂಬರ್ ಇರುವ ಜಿಎಸ್‌ಟಿ ಬಿಲ್, ವಾರಂಟಿ ಪತ್ರ, ಸಹಿ ಮಾಡಿದ ಒಪ್ಪಂದ ಈ ಮೂರೂ ಕೈಗೆ ಬಾರದೆ ಕೊನೆಯ ಕಂತು ಕೊಡಬೇಡಿ. ಅವರ ನಿರ್ಲಕ್ಷ್ಯದಿಂದ ಜೀವ ಹೋದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಇದೆ. ಐದು ವರ್ಷದವರೆಗೆ ಶಿಕ್ಷೆ ಆಗಬಹುದು.

ಮೂರನೆಯದು ಜೆಸ್ಕಾಂನಂಥ ವಿತರಣಾ ಕಂಪನಿಯದು. ‘ನೋಡೋಣ, ಮುಂದಿನ ತಿಂಗಳು ಬರ್ರಿ’ ಎನ್ನಲು ಈಗ ಅವಕಾಶ ಕಡಿಮೆ. 2024ರ ಫೆಬ್ರುವರಿಯಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮದಂತೆ 10 ಕಿಲೋವಾಟ್‌ವರೆಗಿನ ಚಾವಣಿ ಸೋಲಾರ್‌ಗೆ ತಾಂತ್ರಿಕ ಸಾಧ್ಯತೆಯ ಅಧ್ಯಯನ ಬೇಕಿಲ್ಲ. ಕ್ರಮಬದ್ಧ ಅರ್ಜಿಯನ್ನು ಒಪ್ಪಿದಂತೆಯೇ ಲೆಕ್ಕ. ಅಳವಡಿಕೆ ಮುಗಿದ ಪ್ರಮಾಣಪತ್ರ ಕೊಟ್ಟ 15 ದಿನಗಳಲ್ಲಿ ಒಪ್ಪಂದ, ಮೀಟರ್, ಚಾಲನೆ ಎಲ್ಲ ಮುಗಿಯಬೇಕು. ಐದು ಕಿಲೋವಾಟ್‌ವರೆಗೆ ಲೈನ್ ಬಲಪಡಿಸುವ ಖರ್ಚನ್ನೂ ಕಂಪನಿಯೇ ಹೊರಬೇಕು. ಮಂಜೂರಾದ ಲೋಡ್ ಹೆಚ್ಚಿಸಬೇಕಾಗಿ ಬಂದರೆ ಮಾತ್ರ ಬಿಲ್‌ನ ನಿಗದಿತ ಶುಲ್ಕವೂ ಏರುತ್ತದೆ, ಅದನ್ನು ಮೊದಲೇ ಕೇಳಿ ತಿಳಿಯಿರಿ.

ನಾಲ್ಕನೆಯದು ನ್ಯಾಯ ಕೊಡುವವರದು. ವಿತರಣಾ ಕಂಪನಿಯ ಮೇಲಿನ ದೂರಿಗೆ 1912 ಸಂಖ್ಯೆ ಇದೆ. ಅಲ್ಲಿ ಆಗದಿದ್ದರೆ ಗ್ರಾಹಕರ ಕುಂದುಕೊರತೆ ಪರಿಹಾರ ವೇದಿಕೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ. ಅಳವಡಿಸಿದ ಕಂಪನಿ ಕೈಕೊಟ್ಟರೆ ಗ್ರಾಹಕ ಸಹಾಯವಾಣಿ 1915, ನಂತರ ಕೊಪ್ಪಳದ ಜಿಲ್ಲಾ ಗ್ರಾಹಕರ ಆಯೋಗ. ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಹಣ ₹5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಮನೆಯ ಸೋಲಾರ್ ಹೆಚ್ಚಾಗಿ ಈ ಮಿತಿಯೊಳಗೇ ಬರುತ್ತದೆ. ಆದರೆ ದೂರಿಗೆ ಬಲ ಬರುವುದು ಕಾಗದದಿಂದ. ಬಾಯಿಮಾತಿನ ವ್ಯವಹಾರಕ್ಕೆ ಆಯೋಗವಾದರೂ ಏನು ಮಾಡೀತು?

ಇವೆಲ್ಲದರ ಆಚೆ ಇನ್ನೊಂದು ಹೊಣೆಯಿದೆ. ಒಡೆದ, ಹಳೆಯದಾದ ಪ್ಯಾನೆಲ್ ಗುಜರಿಗೆ ಹಾಕುವ ವಸ್ತುವಲ್ಲ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದಿರುವ ಇ–ತ್ಯಾಜ್ಯ ನಿಯಮಗಳು ಸೋಲಾರ್ ಪ್ಯಾನೆಲ್‌ಗೂ ಅನ್ವಯಿಸುತ್ತವೆ. ಬ್ಯಾಟರಿಗೆ 2022ರ ಪ್ರತ್ಯೇಕ ನಿಯಮವಿದೆ. ಸೀಸದ ಬ್ಯಾಟರಿ ಒಡೆದು ಆ್ಯಸಿಡ್ಡನ್ನು ಹಳ್ಳಕ್ಕೆ ಸುರಿದರೆ ಅದು ಮರಳಿ ಬರುವುದು ನಮ್ಮದೇ ಬೋರ್‌ವೆಲ್ಲಿಗೆ.

ನಮ್ಮಂಥವರಿಗೆ ಇಲ್ಲಿ ಕೆಲಸವಿದೆ

ಗೆಳೆಯರೇ, ಇಷ್ಟೆಲ್ಲ ನಿಯಮ ಓದಿ ‘ಅಯ್ಯೋ, ಈ ಗೋಜೇ ಬೇಡ’ ಎನಿಸಬಹುದು. ನನಗನಿಸಿದ್ದು ಬೇರೆ. ಇಷ್ಟು ನಿಯಮಗಳಿವೆ ಎಂದರೆ ಅವನ್ನು ತಿಳಿದು ಸರಿಯಾಗಿ ಕೆಲಸ ಮಾಡುವವರೂ ಅಷ್ಟೇ ಬೇಕು. ಸೂರ್ಯ ಘರ್ ಯೋಜನೆಯಿಂದ ಸುಮಾರು 17 ಲಕ್ಷ ನೇರ ಉದ್ಯೋಗ ಸೃಷ್ಟಿಯಾಗಬಹುದು ಎಂಬುದು ಕೇಂದ್ರ ಸರ್ಕಾರದ ಅಂದಾಜು. ಐಟಿಐ, ಡಿಪ್ಲೊಮಾ ಮುಗಿಸಿದವರಿಗೆ 2015ರಿಂದ ‘ಸೂರ್ಯಮಿತ್ರ’ ತರಬೇತಿ ಇದೆ. ವೈರ್‌ಮನ್, ಮೇಲ್ವಿಚಾರಕ, ಗುತ್ತಿಗೆದಾರ ಪರವಾನಗಿಗಳಿಗೆ ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯವಿದೆ. ಬಿ.ಇ. ಮುಗಿದ ತಕ್ಷಣ ಬೆಂಗಳೂರಿನ ಬಸ್ ಹತ್ತುವುದೊಂದೇ ದಾರಿ ಎಂದು ತಿಳಿದ ನಮಗೆ ಯಲಬುರ್ಗಾ, ಕುಷ್ಟಗಿ, ಗಂಗಾವತಿಯಲ್ಲೇ ಮಾಡುವ ಕೆಲಸ ಕಣ್ಣೆದುರಿಗಿದೆ.

ಈ ದಾರಿ ತೋರಿಸಿದವರು ನಮ್ಮ ರಾಜ್ಯದಲ್ಲೇ ಇದ್ದಾರೆ. ಹರೀಶ್ ಹಂದೆ ಅವರು 1995ರಲ್ಲಿ ಸೆಲ್ಕೊ ಶುರುಮಾಡಿದಾಗ ಬಡವರ ಮನೆಗೆ ಸೋಲಾರ್ ದೀಪ ಮಾರಲು ಸಾಧ್ಯವೇ ಎಂದವರೇ ಹೆಚ್ಚು. ಬ್ಯಾಂಕುಗಳಿಂದ ಸಣ್ಣ ಸಾಲ ಕೊಡಿಸಿ, ಮಾರಿದ ಮೇಲೂ ಮನೆಗೆ ಹೋಗಿ ರಿಪೇರಿ ಮಾಡಿಕೊಡುವ ಪದ್ಧತಿಯಿಂದ ಅದು ಹಳ್ಳಿಗಳಲ್ಲಿ ನೆಲೆಯೂರಿತು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಪ್ಯಾನೆಲ್ ಯಾರು ಬೇಕಾದರೂ ಮಾರಬಹುದು. ಐದು ವರ್ಷದ ನಂತರವೂ ಫೋನ್ ಎತ್ತುವವನ ಅಂಗಡಿ ಮಾತ್ರ ಉಳಿಯುತ್ತದೆ.

ಇನ್ನೆರಡು ವರ್ಷದಲ್ಲಿ ನಮ್ಮ ಬ್ಯಾಚಿನವರಲ್ಲಿ ಕೆಲವರು ಇಂಥ ಕಂಪನಿಗಳಿಗೆ ಸೇರುತ್ತೇವೆ, ಕೆಲವರು ಜೆಸ್ಕಾಂ ಪರೀಕ್ಷೆ ಬರೆಯುತ್ತೇವೆ, ಕೆಲವರು ಸ್ವಂತ ಗುತ್ತಿಗೆ ಹಿಡಿಯುತ್ತೇವೆ. ‘ಅಳವಡಿಕೆ ಸುರಕ್ಷಿತವಾಗಿದೆ’ ಎಂಬ ಸಾಲಿನ ಕೆಳಗೆ ನಮ್ಮ ಸಹಿ ಬೀಳುವ ದಿನ ಬರುತ್ತದೆ. ಮಾಳಿಗೆ ಹತ್ತದೆ, ಅರ್ಥಿಂಗ್ ಅಳೆಯದೆ, ಕರೆಂಟ್ ತೆಗೆದು ಇನ್ವರ್ಟರ್ ನಿಲ್ಲುತ್ತದೆಯೇ ಎಂದು ನೋಡದೆ ಆ ಸಹಿ ಹಾಕಬಾರದು. ಅದಕ್ಕೂ ಮುನ್ನ ಇವತ್ತೇ ಮಾಡಬಹುದಾದ ಕೆಲಸವೊಂದಿದೆ. ನಿಮ್ಮ ಮನೆಯ ಕರೆಂಟ್ ಬಿಲ್ ತೆಗೆದು ಆರ್.ಆರ್. ನಂಬರ್ ಯಾರ ಹೆಸರಿನಲ್ಲಿದೆ, ಮಂಜೂರಾದ ಲೋಡ್ ಎಷ್ಟು, ವರ್ಷಕ್ಕೆ ಎಷ್ಟು ಯೂನಿಟ್ ಬಳಕೆಯಾಗಿದೆ ಎಂದು ಬರೆದಿಡಿ. ಓಣಿಯಲ್ಲಿ ಸೋಲಾರ್ ಹಾಕಿಸಲು ಹೊರಟವರಿದ್ದರೆ ಅವರ ಮನೆಯ ಬಿಲ್ಲನ್ನೂ ಓದಿ ಹೇಳಿ.

– ಬಿ.ಇ. ವಿದ್ಯಾರ್ಥಿ, ಯಲಬುರ್ಗಾ